ಅಮೆರಿಕದ ‘ಅರ್ಬನ್ ಸ್ಕೂಲ್ ಲೀಡರ್‌ಶಿಪ್’ ಅಧ್ಯಾಪಕ ಹುದ್ದೆಗೆ ಅರ್ಜಿ: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದಲ್ಲಿ ಶಿಕ್ಷಣ ವಿಷಯದಲ್ಲಿ ಪಿಎಚ್‌.ಡಿ. ಮುಗಿಸುತ್ತಿರುವ ನಮ್ಮ ಕಡೆಯವರು ಆಗಸ್ಟ್ ಬಂತೆಂದರೆ ಸಾಲಾಗಿ ಅರ್ಜಿ ಹಾಕುತ್ತಾರೆ. ಫೆಬ್ರವರಿ ಹೊತ್ತಿಗೆ ಒಂದು ಝೂಮ್ ಸಂದರ್ಶನವೂ ಬರದೆ ಬೇಸತ್ತು ಕೂರುತ್ತಾರೆ. ಅಂಥವರ ಅರ್ಜಿಗಳನ್ನು ಓದಿದ ಮೇಲೆ ಹೇಳುತ್ತಿದ್ದೇನೆ: ಸಂಶೋಧನೆಯಲ್ಲಿ ಕೊರತೆ ಇರುವುದಿಲ್ಲ, ಇಂಗ್ಲಿಷಿನಲ್ಲೂ ಇರುವುದಿಲ್ಲ. ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಕವರ್ ಲೆಟರ್ ಮೊದಲು ಬರೆದಿಟ್ಟುಕೊಂಡು ಜಾಹೀರಾತನ್ನು ಆಮೇಲೆ ಓದುತ್ತಾರೆ. ಆ ಊರಿನ ಶಾಲೆಗಳ ಬಗ್ಗೆ ಸಂದರ್ಶನದ ಹಿಂದಿನ ರಾತ್ರಿ ಹುಡುಕುತ್ತಾರೆ. ಈ ಹುದ್ದೆಗೆ ಊರು ಮೊದಲು, ವಿಭಾಗ ಆಮೇಲೆ, ಪತ್ರ ಎಲ್ಲಕ್ಕಿಂತ ಕೊನೆಗೆ.

ಕಾರಣ ಸರಳ. ಅರ್ಬನ್ ಸ್ಕೂಲ್ ಲೀಡರ್‌ಶಿಪ್ ಎಂದರೆ ನಗರದ ಶಾಲೆಗಳಿಗೆ ಮುಖ್ಯಸ್ಥರನ್ನು ತಯಾರು ಮಾಡುವ ವಿಷಯ. ಅದರ ಅಧ್ಯಾಪಕರ ಮುಂದೆ ಕೂರುವವರು ಹಗಲೆಲ್ಲ ಶಾಲೆಯಲ್ಲಿ ದುಡಿದು ಸಂಜೆ ತರಗತಿಗೆ ಬರುವ ಶಿಕ್ಷಕರು, ಅಸಿಸ್ಟೆಂಟ್ ಪ್ರಿನ್ಸಿಪಾಲರು. ಅವರನ್ನು ಪ್ರಿನ್ಸಿಪಾಲ್ ಲೈಸೆನ್ಸಿಗೆ ತಯಾರು ಮಾಡಬೇಕು, ಇಂಟರ್ನ್‌ಶಿಪ್‌ನಲ್ಲಿರುವವರ ಶಾಲೆಗೆ ಹೋಗಿ ನೋಡಬೇಕು, ಎಡ್‌.ಡಿ. (ಶಾಲೆಯಲ್ಲಿ ದುಡಿಯುವವರು ಮಾಡುವ ಡಾಕ್ಟರೇಟ್) ಮಾಡುವವರ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಬೇಕು. ಬರಿಯ ಸಂಶೋಧಕರಾಗಿ ಅರ್ಜಿ ಹಾಕಿದರೆ ವಿಭಾಗಕ್ಕೆ ಬೇಕಾದ ಅರ್ಧ ಮನುಷ್ಯ ಮಾತ್ರ ಕಾಣುತ್ತಾನೆ.

ಇಲ್ಲಿ ಹೇಳಿರುವುದೆಲ್ಲ ಟೆನ್ಯೂರ್ ಟ್ರ್ಯಾಕ್ (ಕೆಲವು ವರ್ಷದ ಪರಿಶೀಲನೆಯಲ್ಲಿ ಗೆದ್ದರೆ ಕಾಯಂ ಆಗುವ) ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ. ‘ಕ್ಲಿನಿಕಲ್’ ಎಂದು ಬರೆದಿರುವ ಹುದ್ದೆಗಳಲ್ಲಿ ಶಾಲಾ ಅನುಭವದ ತೂಕ ಇನ್ನೂ ಹೆಚ್ಚು, ಸಂಶೋಧನೆಯದು ಕಡಿಮೆ.

## ಶುರು ಮಾಡುವ ಮುನ್ನ

ವೇಳಾಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಆಗಸ್ಟ್‌ನಿಂದ ನವೆಂಬರ್‌ವರೆಗೆ ಜಾಹೀರಾತು, ನವೆಂಬರ್‌ನಿಂದ ಜನವರಿವರೆಗೆ ಝೂಮ್ ಸಂದರ್ಶನ, ಜನವರಿಯಿಂದ ಮಾರ್ಚ್‌ವರೆಗೆ ಕ್ಯಾಂಪಸ್ ಭೇಟಿ, ಮುಂದಿನ ಆಗಸ್ಟ್‌ಗೆ ಕೆಲಸಕ್ಕೆ ಸೇರ್ಪಡೆ. ಹಾಗಾಗಿ ತಯಾರಿ ಮೇ-ಜೂನ್‌ನಲ್ಲೇ ಶುರುವಾಗಬೇಕು.

ಜಾಹೀರಾತು ನೋಡಲು ಹೈಯರ್‌ಎಡ್‌ಜಾಬ್ಸ್, ಕ್ರಾನಿಕಲ್ ಆಫ್ ಹೈಯರ್ ಎಜುಕೇಶನ್, ಎಇಆರ್‌ಎ ಎಂಬ ಶಿಕ್ಷಣ ಸಂಶೋಧಕರ ಸಂಘದ ಉದ್ಯೋಗ ಪುಟ, ಮತ್ತು ಯುಸಿಇಎ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ಪುಟ. ಈ ಕೊನೆಯದನ್ನು ನಮ್ಮವರು ಬಿಟ್ಟುಬಿಡುತ್ತಾರೆ; ಶಾಲಾ ನಾಯಕತ್ವ ವಿಭಾಗಗಳ ಮಂದಿ ಒಂದೆಡೆ ಸೇರುವುದೇ ಅದರ ಸಮ್ಮೇಳನದಲ್ಲಿ, ಪ್ರತಿ ನವೆಂಬರ್‌ನಲ್ಲಿ. ಎಇಆರ್‌ಎ ಒಳಗೆ ನಿಮ್ಮ ಮನೆ ‘ಡಿವಿಷನ್ ಎ’, ಅಂದರೆ ಆಡಳಿತ ಮತ್ತು ನಾಯಕತ್ವದ ವಿಭಾಗ. ಪಿಎಚ್‌.ಡಿ. ಇನ್ನೂ ನಡೆಯುತ್ತಿದ್ದರೆ ಈ ಕ್ಷೇತ್ರದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ನಡೆಯುವ ಕ್ಲಾರ್ಕ್ ಸೆಮಿನಾರ್‌ಗೆ ನಿಮ್ಮ ಹೆಸರು ಸೂಚಿಸುವಂತೆ ಗೈಡ್‌ರನ್ನು ಕೇಳಿ. ಸಿ.ವಿ.ಯಲ್ಲಿ ಆ ಒಂದು ಸಾಲಿಗೆ ಬೆಲೆ ಇದೆ.

ಅರ್ಜಿ ಮತ್ತು ಶಿಫಾರಸು ಪತ್ರಗಳಿಗೆ ಇಂಟರ್‌ಫೋಲಿಯೋ ಎಂಬ ಆನ್‌ಲೈನ್ ಸೇವೆಯ ಖಾತೆ ಬೇಕು. ಭಾರತದ ಬಿ.ಎಡ್., ಎಂ.ಎಡ್. ಅಂಕಪಟ್ಟಿಗಳು ಅಮೆರಿಕದ ಯಾವ ಪದವಿಗೆ ಸಮ ಎಂಬ ಮೌಲ್ಯಮಾಪನ ಕೇಳುವ ಕಡೆಗಳಿವೆ. ವಿಶ್ವವಿದ್ಯಾಲಯದಿಂದ ಮೊಹರಾದ ಪ್ರತಿ ತರಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ ಎಂಬುದು ನಮ್ಮ ರಿಜಿಸ್ಟ್ರಾರ್ ಕಚೇರಿ ಮುಂದೆ ಸಾಲು ನಿಂತವರಿಗೆ ಗೊತ್ತು. ಇದನ್ನು ಮೇ ತಿಂಗಳಲ್ಲೇ ಹಚ್ಚಿಬಿಡಿ. ಜೊತೆಗೆ ಒಂದು ಎಕ್ಸೆಲ್ ಹಾಳೆ: ವಿಶ್ವವಿದ್ಯಾಲಯ, ಊರು, ಡಿಸ್ಟ್ರಿಕ್ಟ್ (ನಮ್ಮ ಜಿಲ್ಲೆಯಲ್ಲ, ಅಲ್ಲಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ), ಕಡ್ಡಾಯ ಅರ್ಹತೆ, ಕೇಳಿರುವ ಕಾಗದಗಳು, ಪರಿಶೀಲನೆ ಶುರುವಾಗುವ ದಿನ.

## ಹಂತ 1: ಜಾಹೀರಾತನ್ನು ಎರಡು ಭಾಗ ಮಾಡಿ

ಜಾಹೀರಾತಿನಲ್ಲಿ ‘ರಿಕ್ವೈರ್ಡ್’ ಒಂದು ಪಟ್ಟಿ, ‘ಪ್ರಿಫರ್ಡ್’ ಇನ್ನೊಂದು. ಮೊದಲನೆಯದರಲ್ಲಿ ಒಂದು ಅಂಶ ತಪ್ಪಿದರೂ ನಿಮ್ಮ ಅರ್ಜಿ ಆಯ್ಕೆ ಕಮಿಟಿಯ ಕೈಗೆ ಹೋಗದೆ ಪಕ್ಕಕ್ಕೆ ಬೀಳಬಹುದು. ಎರಡನೆಯದರಲ್ಲಿ ಎಲ್ಲವೂ ಇರುವ ಅಭ್ಯರ್ಥಿ ಸಿಗುವುದೇ ಅಪರೂಪ. ಅಲ್ಲಿ ಅರ್ಧ ಇದ್ದರೂ ಹಾಕಿ.

ಕಣ್ಣಿಡಬೇಕಾದ ಸಾಲು ‘ಪಿ-12 ಲೀಡರ್‌ಶಿಪ್ ಎಕ್ಸ್‌ಪೀರಿಯನ್ಸ್’, ಅಂದರೆ ಶಿಶುವಿಹಾರದಿಂದ 12ನೇ ತರಗತಿವರೆಗಿನ ಶಾಲೆಯಲ್ಲಿ ನಾಯಕತ್ವದ ಅನುಭವ. ಅದು ಕಡ್ಡಾಯವೋ ಅಪೇಕ್ಷಿತವೋ? ‘ಅಮೆರಿಕದ ಶಾಲೆಯಲ್ಲಿ’ ಎಂದು ಬರೆದಿದೆಯೋ, ಬರಿ ‘ಶಾಲೆಯಲ್ಲಿ’ ಎಂದೋ? ಆ ರಾಜ್ಯದ ಪ್ರಿನ್ಸಿಪಾಲ್ ಲೈಸೆನ್ಸ್ ಇರಲೇಬೇಕೆಂದರೆ ಭಾರತದ ಅನುಭವ ಮಾತ್ರ ಇರುವವರಿಗೆ ಆ ಬಾಗಿಲು ಮುಚ್ಚಿದೆ, ಮುಂದಕ್ಕೆ ಹೋಗಿ. ಬರಿ ‘ನಾಯಕತ್ವದ ಅನುಭವ’ ಎಂದಿದ್ದರೆ ಹೆಡ್‌ಮಾಸ್ಟರ್, ಸಿಆರ್‌ಪಿ, ಡಯಟ್ ಉಪನ್ಯಾಸಕ, ಬಿಇಓ ಕೆಲಸಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಅದನ್ನು ಬಿಡಿಸಿ ಹೇಳುವುದು ನಿಮ್ಮ ಹೊಣೆ. ಸಂದೇಹವಿದ್ದರೆ ಕಮಿಟಿಯ ಅಧ್ಯಕ್ಷರಿಗೆ ಎರಡು ಸಾಲಿನ ಇ-ಮೇಲ್ ಹಾಕಿ ಕೇಳಿ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಇನ್ನೊಂದು ಸಾಲು: ‘ಸೇರುವ ದಿನಕ್ಕೆ ಡಾಕ್ಟರೇಟ್ ಆಗಿರಬೇಕು’. ಥೀಸಿಸ್ ನಡೆಯುತ್ತಿದ್ದರೆ ಡಿಫೆನ್ಸ್ (ವೈವಾ) ಯಾವ ತಿಂಗಳು ಎಂದು ಪತ್ರದಲ್ಲಿ ಖಚಿತವಾಗಿ ಬರೆಯಿರಿ. ‘ಸದ್ಯದಲ್ಲೇ’ ಎಂದರೆ ‘ಆಗುವುದಿಲ್ಲ’ ಎಂದೇ ಓದುತ್ತಾರೆ.

ಎಚ್ಚರದ ಗುರುತುಗಳು: ಅದೇ ಜಾಹೀರಾತು ಮೂರನೇ ವರ್ಷವೂ ಬಂದಿದೆ. ‘ಬಜೆಟ್ ಒಪ್ಪಿಗೆಗೆ ಒಳಪಟ್ಟು’ ಎಂಬ ಸಾಲಿದೆ. ಹೊಸದಾಗಿ ಸೇರುವವರೇ ಕೋರ್ಸಿನ ಕೋಆರ್ಡಿನೇಟರ್ ಆಗಬೇಕು, ಮಾನ್ಯತಾ ಪರಿಶೀಲನೆಯ ವರದಿಯನ್ನೂ ಬರೆಯಬೇಕು. ಈ ಕೊನೆಯದು ಇದ್ದಲ್ಲಿ ಮೊದಲ ಮೂರು ವರ್ಷ ನಿಮ್ಮ ಸಂಶೋಧನೆಗೆ ಸಮಯ ಸಿಗುವುದಿಲ್ಲ, ಟೆನ್ಯೂರ್ ಕೊಡುವಾಗ ಮಾತ್ರ ಅದನ್ನೇ ಕೇಳುತ್ತಾರೆ. ಅರ್ಜಿಗೆ ಹಣ ಕೇಳಿದರೆ ಅದು ಮೋಸ. ಅಧ್ಯಾಪಕ ಹುದ್ದೆಗೆ ಅಲ್ಲಿ ಅರ್ಜಿ ಶುಲ್ಕ ಎಂಬುದೇ ಇಲ್ಲ.

## ಹಂತ 2: ಆ ಊರಿನ ಶಾಲೆಗಳನ್ನು ಯಾರು ನಡೆಸುತ್ತಾರೆ ಎಂದು ತಿಳಿಯಿರಿ

ಈ ಹಂತಕ್ಕೆ ಒಂದು ವಾರ ಕೊಡಿ. ನಮ್ಮವರು ಇದಕ್ಕೆ ಒಂದು ಗಂಟೆ ಕೊಡುತ್ತಾರೆ, ಅಲ್ಲೇ ಸೋಲುತ್ತಾರೆ.

ನಮ್ಮಲ್ಲಿ ಸರ್ಕಾರಿ ಶಾಲೆ ಎಂದರೆ ಬಹುಮಟ್ಟಿಗೆ ರಾಜ್ಯದ ಇಲಾಖೆ. ಅಮೆರಿಕದಲ್ಲಿ ಶಾಲೆ ಡಿಸ್ಟ್ರಿಕ್ಟ್‌ಗೆ ಸೇರಿದ್ದು, ಮತ್ತು ಒಂದು ದೊಡ್ಡ ನಗರದ ಡಿಸ್ಟ್ರಿಕ್ಟ್ ಇದ್ದಂತೆ ಇನ್ನೊಂದು ಇಲ್ಲ. ನ್ಯೂಯಾರ್ಕ್‌ನಲ್ಲಿ 2002ರಿಂದ ಶಾಲೆಗಳ ಹಿಡಿತ ಮೇಯರ್ ಕೈಯಲ್ಲಿದೆ. ಷಿಕಾಗೋದಲ್ಲಿ 1995ರಿಂದ ಮೇಯರ್ ಹಿಡಿತವಿತ್ತು. 2024ರ ನವೆಂಬರ್‌ನಲ್ಲಿ ಶಾಲಾ ಮಂಡಳಿಗೆ ಮೊದಲ ಬಾರಿ ಚುನಾವಣೆ ನಡೆಯಿತು. ಫಿಲಡೆಲ್ಫಿಯಾ ಶಾಲೆಗಳನ್ನು 2001ರಲ್ಲಿ ರಾಜ್ಯ ವಹಿಸಿಕೊಂಡಿತು, 2018ರಲ್ಲಿ ನಗರಕ್ಕೆ ವಾಪಸ್ ಬಂದವು. ಹ್ಯೂಸ್ಟನ್ ಡಿಸ್ಟ್ರಿಕ್ಟ್ ಅನ್ನು 2023ರಲ್ಲಿ ಟೆಕ್ಸಾಸ್ ರಾಜ್ಯ ತನ್ನ ವಶಕ್ಕೆ ತೆಗೆದುಕೊಂಡಿತು. ಹ್ಯೂಸ್ಟನ್‌ನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಈ ವಿಷಯ ಗೊತ್ತಿಲ್ಲದಿದ್ದರೆ ಸಂದರ್ಶನದ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ, ಏಕೆಂದರೆ ಆ ವಿಭಾಗದ ವಿದ್ಯಾರ್ಥಿಗಳಲ್ಲಿ ಹಲವರು ಅದೇ ಡಿಸ್ಟ್ರಿಕ್ಟ್‌ನ ನೌಕರರು.

ಹುಡುಕಬೇಕಾದದ್ದು: ಎಷ್ಟು ಶಾಲೆ, ಎಷ್ಟು ಮಕ್ಕಳು, ಮನೆಮಾತು ಯಾವುವು, ಮಕ್ಕಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ, ಶಾಲೆ ಮುಚ್ಚುವ ಮಾತು ನಡೆಯುತ್ತಿದೆಯೋ, ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಯಾವಾಗ ಬಂದರು, ಶಿಕ್ಷಕರ ಸಂಘದ ಒಪ್ಪಂದ ಯಾವಾಗ ಮುಗಿಯುತ್ತದೆ. ಅಂಕಿಅಂಶಕ್ಕೆ ಅಮೆರಿಕ ಸರ್ಕಾರದ ಶಿಕ್ಷಣ ಅಂಕಿಅಂಶ ಕೇಂದ್ರವಾದ ಎನ್‌ಸಿಇಎಸ್‌ನ ಕಾಮನ್ ಕೋರ್ ಆಫ್ ಡೇಟಾ. ನಮ್ಮ ಯುಡೈಸ್ ಬಳಸಿದವರಿಗೆ ಅದು ಕಷ್ಟವಾಗದು. ಶಾಲಾ ಮಂಡಳಿಯ ಸಭೆಗಳ ವಿಡಿಯೋ ಇದ್ದರೆ ಇತ್ತೀಚಿನದೊಂದನ್ನು ಪೂರ್ತಿ ನೋಡಿ. ಪೋಷಕರು ಮೈಕ್ ಮುಂದೆ ಬಂದು ಆಡುವ ಮಾತಿನಲ್ಲಿ ಸಿಗುವುದು ಯಾವ ವರದಿಯಲ್ಲೂ ಸಿಗುವುದಿಲ್ಲ.

‘ಅರ್ಬನ್’ ಎಂದರೆ ನಿಮ್ಮ ಪ್ರಕಾರ ಏನು ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಎನ್‌ಸಿಇಎಸ್ ಲೆಕ್ಕದಲ್ಲಿ 2,50,000 ಅಥವಾ ಹೆಚ್ಚು ಜನಸಂಖ್ಯೆಯ ನಗರ ‘ಲಾರ್ಜ್’. ಸಂಶೋಧಕರು ಹೆಚ್ಚಾಗಿ ಎತ್ತಿಕೊಳ್ಳುವುದು ರಿಚರ್ಡ್ ಮಿಲ್ನರ್ 2012ರಲ್ಲಿ ಮಾಡಿದ ವಿಂಗಡಣೆ: ಹತ್ತು ಲಕ್ಷ ದಾಟಿದ ಮಹಾನಗರಗಳು ‘ಇಂಟೆನ್ಸಿವ್’, ಅದಕ್ಕಿಂತ ಚಿಕ್ಕ ದೊಡ್ಡ ಊರುಗಳು ‘ಎಮರ್ಜೆಂಟ್’, ನಗರವಲ್ಲದಿದ್ದರೂ ಅಂಥದೇ ಸವಾಲು ಎದುರಿಸುತ್ತಿರುವ ಜಾಗಗಳು ‘ಕ್ಯಾರಕ್ಟರಿಸ್ಟಿಕ್’. ಯಾವುದನ್ನು ಒಪ್ಪಿದರೂ ಸರಿ. ‘ಅರ್ಬನ್’ ಎಂದರೆ ‘ಬಡ ಮಕ್ಕಳು’ ಅಥವಾ ‘ಕಪ್ಪು ಮಕ್ಕಳು’ ಎಂಬುದಕ್ಕೆ ಮರೆಮಾತು ಎನ್ನುವಂತೆ ಮಾತ್ರ ಬರೆಯಬೇಡಿ. ಅಂಥ ಒಂದು ವಾಕ್ಯ ಸಾಕು, ಕಮಿಟಿ ಅರ್ಜಿಯನ್ನು ಕೆಳಗಿಡುತ್ತದೆ. ಇಡಬೇಕಾದದ್ದೇ.

## ಹಂತ 3: ಕರ್ನಾಟಕದ ಅನುಭವವನ್ನು ಅವರಿಗೆ ಅರ್ಥವಾಗುವ ಹಾಗೆ ಬಿಡಿಸಿ

ಇಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಭಾರತದ ಅನುಭವವನ್ನು ಸಿ.ವಿ.ಯ ಕೊನೇ ಪುಟಕ್ಕೆ ತಳ್ಳುತ್ತಾರೆ. ಇನ್ನು ಕೆಲವರು ಬಿಇಓ ಆಗಿದ್ದುದನ್ನು ‘ಸೂಪರಿಂಟೆಂಡೆಂಟ್’ ಎಂದು ಬರೆದುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯ: ಸೂಪರಿಂಟೆಂಡೆಂಟ್ ಸಾಮಾನ್ಯವಾಗಿ ಸ್ಥಳೀಯ ಮಂಡಳಿಯಿಂದ ನೇಮಕವಾಗಿ, ಬಜೆಟ್ ಮತ್ತು ನೇಮಕಾತಿ ಎರಡನ್ನೂ ನಡೆಸುವವರು, ಬಿಇಓ ಇಲಾಖೆಯ ಅಧಿಕಾರಿ. ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ಹುದ್ದೆಯ ಹೆಸರನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕೆಲಸವನ್ನು ಬರೆಯಿರಿ. ಎಷ್ಟು ಶಾಲೆ, ಎಷ್ಟು ಶಿಕ್ಷಕರು, ನಿಮ್ಮ ಕೈಯಲ್ಲಿ ಯಾವ ನಿರ್ಧಾರ ಇತ್ತು, ಯಾವುದು ಇರಲಿಲ್ಲ. ಸಿಆರ್‌ಪಿ ಆಗಿದ್ದವರು ‘ಶಾಲೆಗೆ ಹೋಗಿ ತರಗತಿ ನೋಡಿ ಶಿಕ್ಷಕರ ಜೊತೆ ಪಾಠದ ಬಗ್ಗೆ ಚರ್ಚಿಸುವ, ಆದರೆ ಶಿಸ್ತುಕ್ರಮದ ಅಧಿಕಾರ ಇಲ್ಲದ ಹುದ್ದೆ’ ಎಂದರೆ ಅವರಿಗೆ ಇನ್‌ಸ್ಟ್ರಕ್ಷನಲ್ ಕೋಚ್ ನೆನಪಾಗುತ್ತಾರೆ. ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ ಎಂಬುದನ್ನು ನೀವು ಮಾಮೂಲು ಎಂದು ಬಿಟ್ಟರೆ ದೊಡ್ಡ ಆಸ್ತಿ ಬಿಟ್ಟಂತೆ. ಬಹುಭಾಷಾ ಮಕ್ಕಳ ಶಾಲೆಯನ್ನು ನಡೆಸುವುದು ಹೇಗೆ ಎಂಬುದು ಅಮೆರಿಕದ ನಗರ ಪ್ರಿನ್ಸಿಪಾಲರ ನಿತ್ಯದ ಪ್ರಶ್ನೆ.

ಒಂದು ಹೋಲಿಕೆಯನ್ನು ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಎಸ್‌ಡಿಎಂಸಿ, ಷಿಕಾಗೋದ ಲೋಕಲ್ ಸ್ಕೂಲ್ ಕೌನ್ಸಿಲ್. ಎರಡರಲ್ಲೂ ಪೋಷಕರ ಗುಂಪೇ ದೊಡ್ಡದು. ಆದರೆ ಷಿಕಾಗೋದಲ್ಲಿ 1988ರ ಕಾನೂನಿನಿಂದ ಬಂದ ಆ ಕೌನ್ಸಿಲ್‌ಗೆ ಚುನಾವಣೆಯಲ್ಲಿ ಗೆದ್ದ ಆರು ಪೋಷಕರು, ಇಬ್ಬರು ಊರಿನವರು, ಇಬ್ಬರು ಶಿಕ್ಷಕರು ಮುಂತಾದವರು ಸೇರಿ ಕೂತು ಪ್ರಿನ್ಸಿಪಾಲರನ್ನೇ ಆರಿಸುತ್ತಾರೆ. ಒಪ್ಪಂದ ನಾಲ್ಕು ವರ್ಷಕ್ಕೆ. ನಮ್ಮ ಎಸ್‌ಡಿಎಂಸಿ ಬಿಸಿಯೂಟ, ಕಾಂಪೌಂಡ್, ಅನುದಾನ ನೋಡಿಕೊಳ್ಳಬಹುದು. ಹೆಡ್‌ಮಾಸ್ಟರ್ ಬರುವುದು ಇಲಾಖೆಯ ಬಡ್ತಿ, ವರ್ಗಾವಣೆ ಕೌನ್ಸೆಲಿಂಗ್‌ನಿಂದ. ಈ ವ್ಯತ್ಯಾಸವನ್ನು ಹಿಡಿದು ‘ತನ್ನನ್ನು ಆರಿಸದ ಪೋಷಕರ ವಿಶ್ವಾಸವನ್ನು ಹೆಡ್‌ಮಾಸ್ಟರ್ ಹೇಗೆ ಗಳಿಸುತ್ತಾರೆ, ಆರಿಸಿದ ಪೋಷಕರಿಗೆ ಪ್ರಿನ್ಸಿಪಾಲ್ ಹೇಗೆ ಇಲ್ಲ ಎನ್ನುತ್ತಾರೆ’ ಎಂದು ಕೇಳಿದರೆ ಅದು ಸಂಶೋಧನೆಯ ಪ್ರಶ್ನೆಯಾಗುತ್ತದೆ. ‘ಎರಡೂ ಒಂದೇ’ ಎಂದರೆ ಏನೂ ಆಗುವುದಿಲ್ಲ. ಜಾತಿ ಮತ್ತು ಜನಾಂಗದ ವಿಚಾರದಲ್ಲೂ ಇದೇ ಮಾತು. ಒಂದೇ ವಾಕ್ಯದಲ್ಲಿ ಎರಡನ್ನೂ ತೂಗಿ ಮುಗಿಸಬೇಡಿ.

## ಹಂತ 4: ಕಾಗದಗಳು, ಈ ಕ್ರಮದಲ್ಲಿ

ಸಿ.ವಿ. ಮೊದಲು. ಫೋಟೋ, ಹುಟ್ಟಿದ ದಿನ, ತಂದೆಯ ಹೆಸರು, ಮದುವೆ ವಿಚಾರ ಎಲ್ಲ ತೆಗೆಯಿರಿ. ಪ್ರಕಟವಾದದ್ದು, ಒಪ್ಪಿಗೆಯಾದದ್ದು, ಪರಿಶೀಲನೆಯಲ್ಲಿರುವುದು, ಬರೆಯುತ್ತಿರುವುದು ನಾಲ್ಕನ್ನೂ ಬೇರೆ ಬೇರೆ ತಲೆಬರಹದಡಿ ಇಡಿ. ಬೆರೆಸಿದರೆ ಮುಚ್ಚಿಡುತ್ತಿದ್ದೀರಿ ಎಂದು ತಿಳಿಯುತ್ತಾರೆ. ಈ ಕ್ಷೇತ್ರದ ಮಂದಿ ಗುರುತಿಸುವ ಪತ್ರಿಕೆಗಳು ಎಜುಕೇಶನಲ್ ಅಡ್ಮಿನಿಸ್ಟ್ರೇಶನ್ ಕ್ವಾರ್ಟರ್ಲಿ, ಅರ್ಬನ್ ಎಜುಕೇಶನ್, ಜರ್ನಲ್ ಆಫ್ ಸ್ಕೂಲ್ ಲೀಡರ್‌ಶಿಪ್ ಮುಂತಾದವು. ದುಡ್ಡು ಕೊಟ್ಟು ವಾರದಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ ಬಂದ ಲೇಖನ ಇದ್ದರೆ ಬಿಟ್ಟುಬಿಡಿ. ಪಟ್ಟಿ ಗಿಡ್ಡವಾದರೂ ಪರವಾಗಿಲ್ಲ.

ಸಂಶೋಧನಾ ಹೇಳಿಕೆ ಆಮೇಲೆ. ಥೀಸಿಸ್‌ನಲ್ಲಿ ಏನು ಸಿಕ್ಕಿತು, ಅದರಿಂದ ಹೊರಡುವ ಮುಂದಿನ ಎರಡು ಯೋಜನೆ ಯಾವುವು, ಅದರಲ್ಲಿ ಒಂದಾದರೂ ಆ ಊರಿನ ಡಿಸ್ಟ್ರಿಕ್ಟ್‌ನಲ್ಲಿ ಹೇಗೆ ನಡೆಯಬಹುದು. ಎರಡು-ಮೂರು ಪುಟ ಸಾಕು.

ಬೋಧನಾ ಹೇಳಿಕೆಯಲ್ಲಿ ಜಾರುವುದು ತತ್ವದ ಕಡೆಗೆ. ವಿಭಾಗದ ವೆಬ್‌ಸೈಟಿನಲ್ಲಿರುವ ಕೋರ್ಸುಗಳನ್ನು ಹೆಸರಿಸಿ: ಶಾಲಾ ಹಣಕಾಸು, ಕಾನೂನು, ಪಾಠದ ಮೇಲ್ವಿಚಾರಣೆ. ಯಾವುದನ್ನು ಬಂದ ಕೂಡಲೇ ಕಲಿಸಬಲ್ಲಿರಿ, ಯಾವುದಕ್ಕೆ ಒಂದು ವರ್ಷ ಬೇಕು ಎಂದು ಬರೆಯಿರಿ. ಪ್ರಿನ್ಸಿಪಾಲ್ ತರಬೇತಿ ಕೋರ್ಸುಗಳನ್ನು ಬಹುತೇಕ ಶಾಲಾ ನಾಯಕರು ಏನು ಮಾಡಬಲ್ಲವರಾಗಿರಬೇಕು ಎಂದು ಹೇಳುವ 2015ರ ಪಿಎಸ್‌ಇಎಲ್ ಮಾನದಂಡಗಳು, ಕೋರ್ಸಿನ ಮಾನ್ಯತೆಗೆ ಬಳಸುವ 2018ರ ನೆಲ್ಪ್ ಮಾನದಂಡಗಳ ಸುತ್ತ ಕಟ್ಟಿರುತ್ತಾರೆ. ಅವನ್ನು ಓದಿ, ನೀವು ಕೊಡುವ ಒಂದು ಅಸೈನ್‌ಮೆಂಟ್ ಯಾವ ಮಾನದಂಡಕ್ಕೆ ಹೊಂದುತ್ತದೆ ಎಂದು ತೋರಿಸಿ. ಎಡ್‌.ಡಿ. ನಡೆಸುವ ವಿಭಾಗ ಎಡ್‌.ಡಿ. ಪದವಿಯನ್ನು ಸುಧಾರಿಸಲು ಹುಟ್ಟಿದ ಸಿಪೆಡ್ ಒಕ್ಕೂಟದ ಸದಸ್ಯನಾಗಿದ್ದರೆ ‘ಪ್ರಾಬ್ಲಂ ಆಫ್ ಪ್ರಾಕ್ಟೀಸ್’ (ಕೆಲಸದ ಜಾಗದಲ್ಲೇ ಎದುರಾಗುವ ಸಮಸ್ಯೆ) ಎಂಬ ಮಾತು ಅಲ್ಲಿ ದಿನಾ ಕಿವಿಗೆ ಬೀಳುತ್ತದೆ. ಪಿಎಚ್‌.ಡಿ. ಥೀಸಿಸ್‌ಗೂ ಅದಕ್ಕೂ ಏನು ವ್ಯತ್ಯಾಸ ಎಂದು ಹೇಳಲು ಬರಬೇಕು.

ವೈವಿಧ್ಯ ಹೇಳಿಕೆ (ಬೇರೆ ಬೇರೆ ಹಿನ್ನೆಲೆಯವರ ಜೊತೆ ಹೇಗೆ ಕೆಲಸ ಮಾಡುತ್ತೀರಿ ಎಂಬ ಬರಹ): ಕೇಳಿದ್ದರೆ ಮಾತ್ರ. ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳು 2024ರ ಜನವರಿಯಿಂದ ಕಾನೂನಿನ ಪ್ರಕಾರ ಅದನ್ನು ಕೇಳುವಂತಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 2025ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಹಳೇ ಕಡತದಲ್ಲಿ ಇದೆ ಎಂದು ಎಲ್ಲರಿಗೂ ಕಳಿಸಬೇಡಿ.

ಕವರ್ ಲೆಟರ್ ಕೊನೆಗೆ, ಎರಡು ಪುಟ ಮೀರದಂತೆ. ‘ರೆಸ್ಪೆಕ್ಟೆಡ್ ಸರ್’ ಬೇಡ, ‘ಡಿಯರ್ ಸರ್ಚ್ ಕಮಿಟಿ ಮೆಂಬರ್ಸ್’ ಸಾಕು. ವಿಶ್ವವಿದ್ಯಾಲಯವನ್ನು ಹೊಗಳುವ ಪ್ಯಾರಾ ತೆಗೆಯಿರಿ. ಅವರಿಗೆ ಅವರ ವಿಷಯ ಗೊತ್ತು.

‘ನಗರ ಶಾಲೆಗಳ ಸಮಾನತೆ ಬಗ್ಗೆ ನನಗೆ ಅಪಾರ ಕಾಳಜಿಯಿದೆ’ ಎಂಬ ವಾಕ್ಯ ಪ್ರತಿ ಅರ್ಜಿಯಲ್ಲೂ ಇರುತ್ತದೆ. ಅದರ ಜಾಗದಲ್ಲಿ ಇಂಥದೊಂದು ಬರಲಿ: ‘ಸಿಆರ್‌ಪಿ ಆಗಿದ್ದಾಗ ನನ್ನ ಕ್ಲಸ್ಟರಿನ ಎರಡು ಶಾಲೆಗಳಲ್ಲಿ ವಲಸೆ ಕಾರ್ಮಿಕರ ಮಕ್ಕಳು ಹಬ್ಬ ಮುಗಿದ ಮೇಲೆ ಬರುವುದು ನಿಲ್ಲಿಸುತ್ತಿದ್ದರು. ಒಂದು ಶಾಲೆಯ ಹೆಡ್‌ಮಾಸ್ಟರ್ ಹೆಸರು ತೆಗೆದುಹಾಕಿದರು, ಇನ್ನೊಬ್ಬರು ಕಟ್ಟಡ ಕೆಲಸದ ಮೇಸ್ತ್ರಿಗೆ ಫೋನ್ ಮಾಡಿದರು. ನನ್ನ ಸಂಶೋಧನೆ ಈ ಎರಡನೆಯವರ ನಿರ್ಧಾರದಿಂದ ಹುಟ್ಟಿದ್ದು.’ ನಿಮ್ಮ ಅನುಭವದಲ್ಲಿ ಇಂಥದು ಇದ್ದೇ ಇರುತ್ತದೆ, ಹುಡುಕಿ. ಅಲ್ಲಿಂದ ನೇರವಾಗಿ ಆ ಊರಿಗೆ ದಾಟಿ: ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಇದೇ ಪ್ರಶ್ನೆ ಹೀಗೆ ಬರುತ್ತದೆ, ನಿಮ್ಮ ಇಂತಿಂಥ ಕೋರ್ಸಿನಲ್ಲಿ ನಾನು ಇದನ್ನು ಹೀಗೆ ಕಲಿಸುತ್ತೇನೆ. ಹಂತ 2 ಮಾಡದವರಿಗೆ ಈ ಎರಡನೇ ವಾಕ್ಯ ಬರೆಯಲು ಆಗುವುದಿಲ್ಲ. ಪತ್ರ ಕೊನೆಗೆ ಎಂದದ್ದು ಅದಕ್ಕೇ.

## ಹಂತ 5: ಶಿಫಾರಸು ಪತ್ರಗಳು

ಸಾಮಾನ್ಯವಾಗಿ ಮೂರು. ಗೈಡ್ ಒಬ್ಬರು, ಸಂಶೋಧನೆ ಬಲ್ಲ ಇನ್ನೊಬ್ಬರು, ಮೂರನೆಯವರು ನೀವು ಶಾಲೆಯಲ್ಲಿ ಕೆಲಸ ಮಾಡಿದ್ದನ್ನು ಅಥವಾ ಪಾಠ ಮಾಡಿದ್ದನ್ನು ಕಣ್ಣಾರೆ ಕಂಡವರು. ದೊಡ್ಡ ಹೆಸರಿಗಾಗಿ ನಿಮ್ಮನ್ನು ಸರಿಯಾಗಿ ಅರಿಯದವರ ಬಳಿ ಹೋಗಬೇಡಿ. ಭಾರತದಿಂದ ಪತ್ರ ತರಿಸುವುದಾದರೆ ‘ಇವರ ನಡತೆ ಉತ್ತಮ’ ಎಂಬ ನಾಲ್ಕು ಸಾಲಿನ ಸರ್ಟಿಫಿಕೇಟ್ ಬರುವ ಸಂಭವ ಹೆಚ್ಚು. ಏನೇನು ಬರೆಯಬೇಕು ಎಂದು ಆ ಮೇಡಂಗೋ ಸರ್‌ಗೋ ಮೊದಲೇ ವಿವರಿಸಿ. ಆರು ವಾರ ಮುಂಚೆ ಕೇಳಿ, ಜಾಹೀರಾತಿನ ಪ್ರತಿ ಕೊಡಿ.

## ಹಂತ 6: ಝೂಮ್ ಸಂದರ್ಶನ

ಅರ್ಧ ಗಂಟೆ, ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ. ಪ್ರತಿ ಉತ್ತರ ಎರಡು-ಮೂರು ನಿಮಿಷ. ನಮ್ಮವರು ಪೀಠಿಕೆಯಲ್ಲೇ ಎರಡು ನಿಮಿಷ ಕಳೆಯುತ್ತಾರೆ, ಉತ್ತರ ಬರುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ‘ಈ ಹುದ್ದೆ ಏಕೆ, ಈ ಊರು ಏಕೆ’ ಎಂಬುದು ಬಂದೇ ಬರುತ್ತದೆ. ಕೊನೆಯಲ್ಲಿ ನೀವು ಕೇಳಲು ಒಂದು ಪ್ರಶ್ನೆ ಇರಲಿ: ನಿಮ್ಮ ಇಂಟರ್ನ್‌ಗಳು ಯಾವ ಶಾಲೆಗಳಿಗೆ ಹೋಗುತ್ತಾರೆ, ಅವರನ್ನು ಅಲ್ಲಿ ನೋಡಿಕೊಳ್ಳುವ ಪ್ರಿನ್ಸಿಪಾಲರನ್ನು ಯಾರು ಆರಿಸುತ್ತಾರೆ? ಕೋರ್ಸು ಜೀವಂತವಾಗಿದೆಯೋ ಕಾಗದದ ಮೇಲಿದೆಯೋ ಎಂಬುದು ಉತ್ತರದಲ್ಲಿ ಗೊತ್ತಾಗುತ್ತದೆ.

## ಹಂತ 7: ಕ್ಯಾಂಪಸ್ ಭೇಟಿ

ಒಂದೂವರೆ ಎರಡು ದಿನ, ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ. ಊಟವೂ ಸಂದರ್ಶನವೇ. ಸಸ್ಯಾಹಾರಿ ಆಗಿದ್ದರೆ ವೇಳಾಪಟ್ಟಿ ಕಳಿಸುವ ಸಿಬ್ಬಂದಿಗೆ ಮೊದಲೇ ಒಂದು ಸಾಲು ಬರೆಯಿರಿ, ಮೇಜಿನ ಮುಂದೆ ಕೂತು ಸಂಕೋಚಪಡುವುದು ತಪ್ಪುತ್ತದೆ.

ಜಾಬ್ ಟಾಕ್, ಅಂದರೆ ನಿಮ್ಮ ಸಂಶೋಧನೆ ಬಗ್ಗೆ ನೀವು ಕೊಡುವ ಉಪನ್ಯಾಸ, ಸುಮಾರು ನಲವತ್ತೈದು ನಿಮಿಷ, ಆಮೇಲೆ ಪ್ರಶ್ನೆ. ಕೋಣೆಯಲ್ಲಿ ಅಧ್ಯಾಪಕರಷ್ಟೇ ಇರುವುದಿಲ್ಲ. ನಿವೃತ್ತ ಸೂಪರಿಂಟೆಂಡೆಂಟ್ ಒಬ್ಬರು, ಎಡ್‌.ಡಿ. ಮಾಡುತ್ತಿರುವ ಪ್ರಿನ್ಸಿಪಾಲರು ಇರುತ್ತಾರೆ. ಅವರ ಪ್ರಶ್ನೆ ವಿಧಾನದ ಬಗ್ಗೆ ಇರದೆ, ‘ಇದನ್ನು ಕೇಳಿ ಸೋಮವಾರ ಬೆಳಿಗ್ಗೆ ನಾನು ನನ್ನ ಶಾಲೆಯಲ್ಲಿ ಏನು ಮಾಡಲಿ?’ ಎಂದಿರುತ್ತದೆ. ಕೊನೇ ಸ್ಲೈಡ್ ಅದಕ್ಕೆ ಉತ್ತರವಾಗಿರಲಿ. ಸಿದ್ಧಾಂತಕ್ಕೆ ಐದು ನಿಮಿಷ, ಶಾಲೆಯಲ್ಲಿ ಕಂಡದ್ದಕ್ಕೆ ಇಪ್ಪತ್ತೈದು.

ಪಾಠ ಮಾಡಿ ತೋರಿಸಿ ಎಂದರೆ ಉಪನ್ಯಾಸ ಬೇಡ. ಒಂದು ಪುಟದ ಸನ್ನಿವೇಶ ಕೊಡಿ: ಮಕ್ಕಳ ಸಂಖ್ಯೆ ಇಳಿದ ಶಾಲೆ, ಒಬ್ಬ ಶಿಕ್ಷಕರನ್ನು ಬಿಡಬೇಕು, ಸಂಗೀತದವರೋ ದ್ವಿಭಾಷಾ ಶಿಕ್ಷಕರೋ? ಅವರು ವಾದ ಮಾಡಲಿ, ನೀವು ನಡೆಸಿ. ಹತ್ತು ವರ್ಷ ಶಾಲೆ ನಡೆಸಿದವರಿಗೆ ಶಾಲೆ ಹೇಗೆ ನಡೆಸಬೇಕೆಂದು ಹೇಳಲು ಹೋಗುವುದೇ ಈ ದಿನ ಆಗುವ ದೊಡ್ಡ ತಪ್ಪು.

ಮದುವೆ, ಮಕ್ಕಳು, ಧರ್ಮದ ಬಗ್ಗೆ ಅವರು ಕೇಳಬಾರದು. ಊಟದ ನಡುವೆ ಯಾರಾದರೂ ಸಲಿಗೆಯಿಂದ ಕೇಳಿದರೆ ಮಾತನ್ನು ಊರಿನ ಕಡೆ ತಿರುಗಿಸಿ. ವೀಸಾ ಸ್ಪಾನ್ಸರ್‌ಶಿಪ್ ಬೇಕೇ ಎಂಬುದನ್ನು ಮಾತ್ರ ಕೇಳಬಹುದು. ಅರ್ಜಿ ನಮೂನೆಯಲ್ಲಿ ನಿಜವನ್ನೇ ಬರೆಯಿರಿ.

ಎಚ್ಚರದ ಗುರುತುಗಳು: ಕಿರಿಯ ಅಧ್ಯಾಪಕರನ್ನು ಒಬ್ಬರೇ ಭೇಟಿಯಾಗಲು ಬಿಡುವುದಿಲ್ಲ. ಹಿಂದಿನವರು ಏಕೆ ಬಿಟ್ಟರು ಎಂದರೆ ಮೂವರು ಮೂರು ಕಾರಣ ಹೇಳುತ್ತಾರೆ. ಡೀನ್ ‘ಸಂಶೋಧನೆ ಮುಖ್ಯ’ ಎನ್ನುತ್ತಾರೆ, ಆದರೆ ಸೆಮಿಸ್ಟರಿಗೆ ನಾಲ್ಕು ಕೋರ್ಸು.

## ಹಂತ 8: ಆಫರ್ ಮತ್ತು ವೀಸಾ

ಫೋನಿನಲ್ಲಿ ಆಫರ್ ಬಂದಾಗ ಧನ್ಯವಾದ ಹೇಳಿ, ಅಲ್ಲೇ ಒಪ್ಪಬೇಡಿ. ಚೌಕಾಸಿ ಮಾಡುವುದು ಅಲ್ಲಿ ಒರಟುತನವಲ್ಲ. ಸಂಬಳ ಸಾಮಾನ್ಯವಾಗಿ ಒಂಬತ್ತು ತಿಂಗಳದ್ದು ಎಂಬುದನ್ನು ನೆನಪಿಟ್ಟು ಕೇಳಿ: ಮೊದಲ ವರ್ಷ ಒಂದು ಕೋರ್ಸ್ ಕಡಿತ, ಬೇಸಿಗೆ ಸಂಬಳ, ಸಾಗಾಣಿಕೆ ಖರ್ಚು, ಇಂಟರ್ನ್‌ಶಿಪ್ ಶಾಲೆಗಳಿಗೆ ಓಡಾಡುವ ಪ್ರಯಾಣ ಭತ್ಯೆ. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಕೈಯಿಂದ ಪೆಟ್ರೋಲ್ ಹಾಕಿಸುತ್ತಾರೆ.

ವೀಸಾ ವಿಷಯದಲ್ಲಿ ಡೀನ್ ಬಾಯಿಮಾತು ನಂಬಬೇಡಿ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಎಜುಕೇಶನಲ್ ಲೀಡರ್‌ಶಿಪ್ ಪದವಿ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ವಿಷಯಗಳ) ಪಟ್ಟಿಯಲ್ಲಿಲ್ಲ, ಆದ್ದರಿಂದ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ, ಓಪಿಟಿ, 12 ತಿಂಗಳು ಮಾತ್ರ. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಕೆಲಸದ ವೀಸಾದ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲ, ಲಾಟರಿ ಇಲ್ಲ. ಆದರೆ 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ ಆದೇಶ ಬಂತು. ಊರಿನಿಂದ ಅರ್ಜಿ ಹಾಕುತ್ತಿರುವವರು ಅದರ ಇಂದಿನ ಸ್ಥಿತಿಯನ್ನು ಮೊದಲು ವಿಚಾರಿಸಿ, ಓಪಿಟಿಯಲ್ಲಿರುವವರು ದೇಶ ಬಿಟ್ಟು ಹೊರಡುವ ಮುನ್ನ ವಿಚಾರಿಸಿ. ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಜೆ-1 ವೀಸಾ ಮೇಲೆ ಓದಿದವರಿಗೆ ಎರಡು ವರ್ಷ ಊರಿನಲ್ಲಿರುವ ಷರತ್ತು ಬೇರೆ ಇದೆ.

ಗ್ರೀನ್ ಕಾರ್ಡ್ ಮಾತನ್ನು ಸಹಿ ಹಾಕುವ ಮುನ್ನವೇ ಎತ್ತಿ. ಕಾಲೇಜು ಅಧ್ಯಾಪಕರಿಗೆ ‘ಸ್ಪೆಷಲ್ ಹ್ಯಾಂಡ್ಲಿಂಗ್’ ಎಂಬ ಸುಲಭ ದಾರಿ ಇದೆ: ಈಗ ನಡೆದ ಆಯ್ಕೆ ಪ್ರಕ್ರಿಯೆಯನ್ನೇ ಆಧಾರ ಮಾಡಿಕೊಂಡು ಲೇಬರ್ ಸರ್ಟಿಫಿಕೇಶನ್ (ಗ್ರೀನ್ ಕಾರ್ಡ್‌ಗೆ ಮೊದಲು ಬೇಕಾದ ಕಾರ್ಮಿಕ ಇಲಾಖೆಯ ಒಪ್ಪಿಗೆ) ಅರ್ಜಿ ಹಾಕಬಹುದು, ಆದರೆ ನಿಮ್ಮನ್ನು ಆಯ್ಕೆ ಮಾಡಿದ ದಿನದಿಂದ 18 ತಿಂಗಳೊಳಗೆ. ‘ಮೂರನೇ ವರ್ಷದ ಪರಿಶೀಲನೆ ಆದ ಮೇಲೆ ನೋಡೋಣ’ ಎಂದರೆ ಆ ಗಡುವು ಮುಗಿದಿರುತ್ತದೆ, ಇಡೀ ಹುಡುಕಾಟವನ್ನು ಮತ್ತೆ ನಡೆಸಬೇಕಾಗುತ್ತದೆ. ಎಚ್-1ಬಿ ಸಾಮಾನ್ಯ ಮಿತಿ ಆರು ವರ್ಷ, ಟೆನ್ಯೂರ್ ಪರಿಶೀಲನೆಯೂ ಬಹುತೇಕ ಆರನೇ ವರ್ಷದಲ್ಲೇ. ಗ್ರೀನ್ ಕಾರ್ಡ್‌ಗೆ ಭಾರತದಲ್ಲಿ ಹುಟ್ಟಿದವರ ಸಾಲು ಉದ್ದವಿದ್ದರೂ, ಅದಕ್ಕಾಗಿ ವಿಶ್ವವಿದ್ಯಾಲಯ ಹಾಕುವ ಐ-140 ಅರ್ಜಿ ಒಪ್ಪಿಗೆಯಾಗಿದ್ದರೆ ಎಚ್-1ಬಿಯನ್ನು ಆರು ವರ್ಷದಾಚೆಗೆ ಮುಂದುವರಿಸಬಹುದು. ಆಫರ್ ಪತ್ರದಲ್ಲಿ ‘ಮೊದಲ ವರ್ಷದೊಳಗೆ ವಿಶ್ವವಿದ್ಯಾಲಯ ಅರ್ಜಿ ಹಾಕುತ್ತದೆ’ ಎಂಬ ಸಾಲು ಸೇರಿಸಲು ಕೇಳಿ. ಸೇರಿಸಲು ಆಗದು ಎಂದರೆ ಕಾರಣವನ್ನು ಇ-ಮೇಲ್‌ನಲ್ಲಿ ಕೇಳಿ, ಆ ಉತ್ತರ ಕೈಗೆ ಬಂದ ಮೇಲೆ ಉಳಿದ ವಿಶ್ವವಿದ್ಯಾಲಯಗಳಿಂದ ನಿಮ್ಮ ಹೆಸರು ವಾಪಸ್ ಪಡೆಯಿರಿ.